ಪುಟ ತಿರುಗಿಸುವ ಸದ್ದು

ನನ್ನ ಮುಂಗೋಪಿ ದೆಮ್ಯಾನ್ ಮಾಮನಿಗೆ,

ಈ ಕಾಗದವನ್ನು ಹರಿಯುವ ಮೊದಲು ಓದು. ಓದಿದ ಮೇಲೆ ಹರಿದರೆ ನನ್ನ ಅಡ್ಡಿಯಿಲ್ಲ.

ಹಾನ್ನಾ ಅತ್ತೆ ಫೋನ್ ಮಾಡಿದ್ದರು. ಸೆರೆಯಾಳುಗಳ ಅದಲುಬದಲಿನಲ್ಲಿ ನೀನು ಬಿಡುಗಡೆಯಾಗಿ ಪೊಲ್ತಾವಾದ ನಿಮ್ಮ ಮನೆಗೆ ಬಂದಿದ್ದೀಯ ಎಂದು ಅವರಿಂದಲೇ ಗೊತ್ತಾಯಿತು. ಎದುರುಮನೆಯವನು "ಬಾರಯ್ಯ ವೀರ" ಎಂದು ತಬ್ಬಿಕೊಳ್ಳಲು ಬಂದರೆ ಅವನ ಮೂಗು ಒಡೆದೆಯಂತೆ. ಬಚ್ಚಲಮನೆಯ ಕನ್ನಡಿಗೆ ಗುದ್ದಿ, ಜೈಲಿನಲ್ಲಿ ಮುರಿದು ವಕ್ರವಾಗಿ ಕೂಡಿಕೊಂಡಿದ್ದ ಬೆರಳುಗಳನ್ನು ಮತ್ತೆ ಮುರಿದುಕೊಂಡೆಯಂತೆ. "ನಾನು ಕೈ ಎತ್ಕೊಂಡು ಹೊರಗೆ ಬಂದವನು, ಅವರನ್ನೆಲ್ಲ ಸಾಯೋಕೆ ಬಿಟ್ಟು ಬಂದವನು" ಎಂದು ಗೋಡೆಗೆ ಹೇಳುತ್ತಾ ಕೂತಿರುತ್ತೀಯಂತೆ. ನಾನು, ಈ ಉಸ್ತೀನಾ, ಬದುಕಿದ್ದೇನೆ ಎಂದು ಅತ್ತೆ ಹೇಳಿದರೆ, ಅದು ನಿನ್ನನ್ನು ಸಮಾಧಾನ ಮಾಡಲು ಕಟ್ಟಿದ ಸುಳ್ಳು ಎನ್ನುತ್ತೀಯಂತೆ. ನನ್ನ ದನಿ ಕೇಳಿಸಲೆಂದು ಫೋನನ್ನು ಕಿವಿಗಿಟ್ಟರೆ ಅದನ್ನೂ ಗೋಡೆಗೆ ಅಪ್ಪಳಿಸಿದೆ.

ಹಾಗಾದರೆ ಕೇಳು. ಅಲ್ಲಿ ಜೊತೆಗಿದ್ದ ನಮಗಲ್ಲದೆ ಬೇರೆ ಯಾರಿಗೂ ಗೊತ್ತಿರದ ಮಾತುಗಳನ್ನೇ ಮೊದಲು ಬರೆಯುತ್ತೇನೆ.

ಆ ಹಳ್ಳಿಯ ಶಾಲೆಯ ನೆಲಮಾಳಿಗೆಗೆ ನಿಮ್ಮ ತುಕಡಿಯ ಗಾಯಾಳುಗಳನ್ನು ನೋಡಿಕೊಳ್ಳಲು ನಾನು ವೈದ್ಯಕೀಯ ಚೀಲ ಹೊತ್ತುಕೊಂಡು ಇಳಿದ ದಿನ ನೀನು ಕಬ್ಬಿಣದ ಒಲೆಯ ಪಕ್ಕ ಕೂತು ಓದುತ್ತಿದ್ದೆ. ನಿನ್ನ ಕೈಯಲ್ಲಿದ್ದದ್ದು ಮೂಲೆಗಳೆಲ್ಲ ಸವೆದ ಹಳೆಯ ಇ-ರೀಡರ್. ಪುಟ ತಿರುಗಿಸಲು ಅದರ ಅಂಚಿನಲ್ಲಿ ಎರಡು ಬಟನ್. ಒತ್ತಿದಾಗಲೆಲ್ಲ ಟಕ್ ಎನ್ನುತ್ತಿತ್ತು. ನನ್ನ ಬಳಿ ಅಣ್ಣ ಕೊಡಿಸಿದ ಹೊಸದಿತ್ತು, ಇಡೀ ಮುಖವೇ ಗಾಜು, ಬೆರಳು ಸೋಕಿಸಿದರೆ ಸಾಕು. ನಾನು ನಿದ್ದೆಗೆಟ್ಟು "ಮಾಮ, ನಿನ್ನ ಡಬ್ಬಿಯ ಬಾಯಿ ಮುಚ್ಚಿಸು, ಇಲ್ಲಾಂದ್ರೆ ಒಲೆಗೆ ಹಾಕ್ತೀನಿ" ಎಂದೆ.

ನೀನು ತಲೆಯೆತ್ತಲೇ ಇಲ್ಲ. "ಇಪ್ಪತ್ತು ವರ್ಷ ಟ್ರಾಲಿಬಸ್ ಓಡ್ಸಿದೀನಿ ಕಣೇ. ಬ್ರೇಕ್ ತುಳಿದ್ರೆ ತುಳಿದಿದ್ದು ಕಾಲಿಗೆ ಗೊತ್ತಾಗ್ಬೇಕು. ಒತ್ತಿದ್ರೆ ಒತ್ತಿದ್ದು ಬೆರಳಿಗೆ ಗೊತ್ತಾಗ್ಬೇಕು. ನಿನ್ನದೇನದು, ದೆವ್ವದ ಮೈ ಸವರಿದ ಹಾಗೆ!"

ಮರುದಿನ ಚಾವಣಿಯಿಂದ ಕರಗಿದ ಹಿಮದ ಹನಿ ಬಿದ್ದು ನನ್ನ ರೀಡರ್ ತಾನೇ ತಾನಾಗಿ ಪುಟ ಹಾರಿಸಿತು. ಕೊಲೆಗಾರ ಯಾರೆಂದು ತೋರಿಸಿ ಕಥೆಯನ್ನೇ ಹಾಳುಮಾಡಿತು. ಚಳಿಗೆ ಕೈಗವಸು ತೆಗೆಯಲಾಗದೆ ನಾನು ಮೂಗಿನ ತುದಿಯಿಂದ ಪುಟ ತಿರುಗಿಸುವುದನ್ನು ಕಂಡು ನೀನು ಜೇನು ಸಾಕುವ ಸೆವೆರಿನ್‌ನನ್ನೂ ಬಡಗಿ ತಿಮಿಶ್‌ನನ್ನೂ ಎಬ್ಬಿಸಿದೆ. "ನೋಡ್ರೋ, ನಮ್ಮ ಡಾಕ್ಟ್ರಮ್ಮ ಹಂದಿ ಥರಾ ಮೂಸಿ ಮೂಸಿ ಓದ್ತಾಳೆ!" ಅಂದಿನಿಂದ ನೀನು ಕಳ್ಳಸಾಗಣೆ ಹಡಗಿನ ಅಡುಗೆಯವನ ಕಾದಂಬರಿಯನ್ನು ಗಟ್ಟಿಯಾಗಿ ಓದತೊಡಗಿದೆ, ನಾವು ಮೂವರು ಕೇಳತೊಡಗಿದೆವು. ಮೇಲೆ ಶೆಲ್ ಬೀಳುವಾಗ ನಿಲ್ಲಿಸುತ್ತಿದ್ದೆ. "ಇವರಿಗೆ ಮರ್ಯಾದೆ ಇಲ್ಲ, ಒಳ್ಳೇ ಜಾಗದಲ್ಲೇ ಹೊಡೀತಾರೆ" ಎಂದು ಬೈದು ಮತ್ತೆ ಶುರು ಮಾಡುತ್ತಿದ್ದೆ.

ಈಗ ನಂಬಿದೆಯಾ? ನಾನೇ ಬರೆಯುತ್ತಿದ್ದೇನೆ.

ಶತ್ರುಗಳು ಶಾಲೆಗೆ ನುಗ್ಗಿದ ಆ ಬೆಳಿಗ್ಗೆಯದು ನಿನಗೂ ಗೊತ್ತು. ಆದರೆ ನಿನಗೆ ಗೊತ್ತಿರುವುದು ಮೆಟ್ಟಿಲಿನ ತನಕ ಮಾತ್ರ. ಸೆವೆರಿನ್‌ನ ಹೊಟ್ಟೆಗೆ ಲೋಹದ ಚೂರು ಹೊಕ್ಕಿತ್ತು. ತೊಲೆ ಬಿದ್ದು ತಿಮಿಶ್‌ನ ಮೊಣಕಾಲಿನ ಕೆಳಗೆ ಜಜ್ಜಿಹೋಗಿತ್ತು. ಮೊದಲನೆಯವನು ಮೆಟ್ಟಿಲಿಳಿದು ಬಂದಾಗ ನಿನ್ನ ಬಂದೂಕು ಹಾರಲಿಲ್ಲ. ನೀನು ಸಲಿಕೆ ಎತ್ತಿ ಅವನ ಕುತ್ತಿಗೆಗೆ ಹೊಡೆದೆ. ಒಂದೇ ಏಟಿಗೆ ಅವನು ಬೀಳಲಿಲ್ಲ. ಗೋಡೆ ಹಿಡಿದು ನಿಂತು ನಿನ್ನ ಮುಖವನ್ನೇ ನೋಡಿದ. ನೀನು ಮತ್ತೆ ಹೊಡೆದೆ, ಮತ್ತೆ ಹೊಡೆದೆ. ನಿನ್ನ ಗಡ್ಡದಿಂದ ಅವನ ರಕ್ತ ತೊಟ್ಟಿಕ್ಕುತ್ತಿತ್ತು.

ಆಮೇಲೆ ಗ್ರೆನೇಡ್ ಉರುಳಿ ಬಂತು. ನಾನು ಅದನ್ನೆತ್ತಿ ಮೂಲೆಗೋಡೆಯ ಆಚೆ ಎಸೆದೆ. ಗೋಡೆ ನನ್ನ ಮೈಯನ್ನು ಉಳಿಸಿತು. ಆಚೆ ಚಾಚಿದ್ದ ಬಲಗೈ ಈಚೆ ಬರಲಿಲ್ಲ. ಬೀಳುವಾಗ ಎಡಗೈ ಉರಿಯುವ ಒಲೆಗೆ ಅಂಟಿ, ಬಿಡಿಸಿಕೊಂಡಾಗ ಬೆರಳ ತುದಿಗಳ ಚರ್ಮ ಅಲ್ಲೇ ಉಳಿಯಿತು. ನೀನು ರಕ್ತ ನಿಲ್ಲಲೆಂದು ನನ್ನ ತೋಳಿಗೆ ಪಟ್ಟಿ ಬಿಗಿದು ತಿರುಪುತ್ತಾ "ಸಾಯ್ಬೇಡ ಕಣೇ ಹಂದಿ, ಸಾಯ್ಬೇಡ" ಎಂದು ನನ್ನ ಕೆನ್ನೆಗೆ ಹೊಡೆಯುತ್ತಿದ್ದೆ.

ಮೇಲಿನಿಂದ ಕೂಗಿದರು. "ಬರ್ತೀರೋ, ಇನ್ನೊಂದು ಉರುಳಿಸ್ಬೇಕೋ?"

ನೀನು ಎದೆಯ ಜೇಬಿನಿಂದ ರೀಡರ್ ತೆಗೆದು ಸೆವೆರಿನ್‌ನ ಕಂಕುಳಲ್ಲಿಟ್ಟೆ. "ಆ ಬೋಳೀಮಕ್ಕಳ ಕೈಗೆ ಇದು ಸಿಗೋದು ಬೇಡ" ಎಂದೆ. ಉಸಿರು ಹಿಡಿದು ಮಲಗಿರಿ ಎಂದು ನಮಗೆ ಕೈಸನ್ನೆ ಮಾಡಿದೆ. ಕೈ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. "ನಾನೊಬ್ಬನೇ ಉಳಿದಿರೋದು. ಒಳಗೆ ಬರೀ ಹೆಣ, ನಿಮ್ಮವನದೂ ಸೇರಿ" ಎಂದೆ.

ಇನ್ನು ನಿನಗೆ ಗೊತ್ತಿಲ್ಲದ್ದು.

ಅವರಲ್ಲೊಬ್ಬ ಪರೀಕ್ಷಿಸಲು ಇಳಿದು ಬಂದ. ಟಾರ್ಚು ಬಿಟ್ಟು ತಮ್ಮವನ ಕುತ್ತಿಗೆ ನೋಡಿ ವಾಂತಿ ಮಾಡಿಕೊಂಡ. ಆಮೇಲೆ ನನ್ನ ಮೊಂಡುಗೈ ನೋಡಿದ, ಸೆವೆರಿನ್‌ನ ಹೊಟ್ಟೆ ನೋಡಿದ, ತಿಮಿಶ್‌ನ ಜಜ್ಜಿದ ಕಾಲಿಗೆ ಬೂಟಿನಿಂದ ಬಲವಾಗಿ ಒದ್ದ. ಮಾಮ, ತಿಮಿಶ್ ಉಸಿರೆತ್ತಲಿಲ್ಲ. ಬಡಗಿಯ ಉಳಿ ತಾಗಿದರೂ ಊರೆಲ್ಲ ಕೇಳುವ ಹಾಗೆ ಬೊಬ್ಬಿಡುವವನು ಹೆಣದ ಹಾಗೆ ಬಿದ್ದಿದ್ದ. "ಎಲ್ಲಾ ಸತ್ತವ್ರೆ" ಎಂದು ಕೂಗಿ ಅವನು ಮೇಲೆ ಹೋದ.

ಅಂಗಳದಲ್ಲಿ ನಿನ್ನನ್ನು ಹೊಡೆದದ್ದೆಲ್ಲ ನಮಗೆ ಕೇಳಿಸಿತು. ಬಂದೂಕಿನ ಹಿಡಿ ಮೂಳೆಗೆ ಬೀಳುವ ಸದ್ದು ಬೇರೆ, ಮಾಂಸಕ್ಕೆ ಬೀಳುವ ಸದ್ದು ಬೇರೆ. ನೀನು ಮೊದಲು ಅವರ ಅಜ್ಜಂದಿರನ್ನೆಲ್ಲ ಎಳೆದು ಬೈದೆ, ಆಮೇಲೆ ಕಿರುಚಿದೆ, ಆಮೇಲೆ ನಿನ್ನ ದನಿಯೇ ಇರಲಿಲ್ಲ. "ಒಳಗೆ ಇನ್ಯಾರಿದ್ದಾರೆ ಹೇಳು" ಎನ್ನುವುದು ಮಾತ್ರ ಮತ್ತೆ ಮತ್ತೆ ಕೇಳುತ್ತಿತ್ತು. ನೀನು ಹೇಳಲಿಲ್ಲ. ನಿನ್ನನ್ನು ಎಳೆದುಕೊಂಡು ಹೋಗುವಾಗ ಸ್ಫೋಟ ಕೇಳಿಸಿತಲ್ಲ, ಅದು ನಮ್ಮ ಮಾಳಿಗೆಯಲ್ಲಿ ಆದದ್ದಲ್ಲ. ಪಕ್ಕದ ಕಲ್ಲಿದ್ದಲಿನ ಕೊಠಡಿಗೆ ಎಸೆದಿದ್ದರು. ನಮ್ಮ ಮೇಲೆ ಬಿದ್ದದ್ದು ಬರೀ ಮಸಿ.

ಅವರು ಮೇಲಿನ ತರಗತಿಯಲ್ಲೇ ಠಿಕಾಣಿ ಹೂಡಿದರು. ಡಬ್ಬಿಯ ಮಾಂಸ ಹುರಿಯುವ ವಾಸನೆ ಕೆಳಗೆ ಬರುತ್ತಿತ್ತು. ನಾವು ಕೆಮ್ಮುವಂತಿಲ್ಲ, ನರಳುವಂತಿಲ್ಲ. ಹೊಟ್ಟೆಯ ಗಾಯದವನಿಗೆ ನರಳದೆ ಇರುವುದು ಎಷ್ಟು ಕಷ್ಟವೆಂದು ನಾನು ನಿನಗೆ ಹೇಳಬೇಕಿಲ್ಲ. ನೋವಿನ ಮದ್ದು ಮುಗಿದಾಗ ಸೆವೆರಿನ್ ತನ್ನ ತೋಳನ್ನೇ ಕಚ್ಚತೊಡಗಿದ. ಬಾಯ ಸುತ್ತ ರಕ್ತ. ನನ್ನ ಕಿವಿಗೆ ತುಟಿಯಿಟ್ಟು "ಆ ಅಡುಗೆಯವ್ನು ಸಿಕ್ಕಿಬಿದ್ನಾ?" ಎಂದು ಕೇಳಿದ.

ಅವನು ಕಿರುಚದೆ ಇರಬೇಕಾದರೆ ಅವನಿಗೆ ಬೇರೆ ಏನಾದರೂ ಬೇಕಿತ್ತು. ಮೊದಲು ನನ್ನ ರೀಡರನ್ನೇ ಎಳೆದುಕೊಂಡೆ. ಅದರಲ್ಲೂ ಅದೇ ಪುಸ್ತಕ ಹಾಕಿಸಿಕೊಂಡಿದ್ದೆ, ನಿನಗೆ ಹೇಳಿರಲಿಲ್ಲ. ಸುಟ್ಟ ಬೆರಳನ್ನು ಗಾಜು ಗುರುತಿಸಲೇ ಇಲ್ಲ. ನನ್ನ ತೋಳಿನ ರಕ್ತ ತೊಟ್ಟಿಕ್ಕಿದ್ದನ್ನು ಮಾತ್ರ ಗುರುತಿಸಿತು. ಪುಟಗಳು ಹಾರಿದವು, ಅಕ್ಷರಗಳು ದೊಡ್ಡದಾದವು, ಕಡೆಗೆ ಯಾವುದೋ ಸೆಟ್ಟಿಂಗಿನಲ್ಲಿ ಸಿಕ್ಕಿಕೊಂಡು ನಿಂತಿತು. ಸಿಟ್ಟಿಗೆ ಅದನ್ನು ಹಲ್ಲಿನಿಂದ ಕಚ್ಚಿ ಎಸೆದುಬಿಡಬೇಕೆನಿಸಿತು. ಸದ್ದಾಗುತ್ತದೆಂದು ಸುಮ್ಮನಾದೆ.

ನಿನ್ನದನ್ನು ಅವನ ಎದೆಯ ಮೇಲೆ ನಿಲ್ಲಿಸಿ, ತಲೆಗೆ ತಲೆ ಕೊಟ್ಟು ಮಲಗಿ, ಗದ್ದದಿಂದ ಬಟನ್ ಒತ್ತಿದೆ. ಒಂದೇ ಒತ್ತಿಗೆ ಒಂದೇ ಪುಟ. ಆದರೆ ಟಕ್!

ಮೇಲೆ ನಡೆದಾಡುತ್ತಿದ್ದ ಬೂಟುಗಳು ನಿಂತವು. ಗದ್ದ ಅಲುಗಿಸದೆ ಕಾದೆ. ಎಷ್ಟೋ ಹೊತ್ತಿನ ಮೇಲೆ ಬೂಟುಗಳು ಮತ್ತೆ ನಡೆದವು.

ಆಮೇಲೆ ತಿಮಿಶ್ ಕಾವಲಾದ. ಗಾಳಿಕಿಂಡಿಯ ಕೆಳಗೆ ಬಿದ್ದಿದ್ದವನಿಗೆ ಮೇಲಿನದೆಲ್ಲ ಚೆನ್ನಾಗಿ ಕೇಳುತ್ತಿತ್ತು. ಪುಟ ಓದಿ ಮುಗಿದರೆ ಸೆವೆರಿನ್ ಕಣ್ಣು ಮಿಟುಕಿಸುವನು. ಮೇಲೆ ಯಾರಾದರೂ ಬೆಂಚು ಎಳೆದಾಗ, ದೂರದಲ್ಲಿ ಶೆಲ್ ಬಿದ್ದಾಗ, ಅವರವರೇ ಜಗಳವಾಡಿ ಬೈದಾಡಿಕೊಂಡಾಗ ತಿಮಿಶ್ ಬೆರಳೆತ್ತುವನು. ಆಗ ನಾನು ಒತ್ತುವೆನು. ಹೀಗೆ ಓದಿದೆವು ಮಾಮ. ನೀನು ತಮಾಷೆಯ ದನಿಯಲ್ಲಿ ಓದುತ್ತಿದ್ದೆಯಲ್ಲ, ಆ ಅಡುಗೆಯವನು ಸುಂಕದವರಿಗೆ ಸಾಬೂನಿನ ಸಾರು ಬಡಿಸುವ ಜಾಗ ಬಂತು. ಸೆವೆರಿನ್‌ಗೆ ನಗು. ನಕ್ಕರೆ ಹೊಟ್ಟೆಯಿಂದ ರಕ್ತ ಉಕ್ಕುತ್ತದೆ, ಆದರೂ ನಗು ತಡೆಯುತ್ತಿಲ್ಲ. ನನ್ನ ಸುಟ್ಟ ಅಂಗೈಯನ್ನೇ ಅವನ ಬಾಯಿಗೆ ಅದುಮಿದೆ. ಅವನು ನಗುತ್ತಾ ಕಚ್ಚಿದ. ನೋವಿಗೆ ನನಗೆ ಕಣ್ಣು ಕತ್ತಲೆ ಬಂತು. ಅಂಥ ಜಾಗದಲ್ಲೂ ನಾವಿಬ್ಬರೂ ನಕ್ಕೆವು ಎಂದರೆ ನಂಬುತ್ತೀಯಾ?

ಮುಂದಿನ ಪುಟಕ್ಕೆ ಅವನು ಕಣ್ಣು ಮಿಟುಕಿಸಲಿಲ್ಲ. ನಿಧಾನವಾಗಿ ಓದುತ್ತಿದ್ದಾನೆ ಎಂದುಕೊಂಡೆ. ಶೆಲ್ ಬಿತ್ತು, ತಿಮಿಶ್ ಬೆರಳೆತ್ತಿದ. ಬೂಟುಗಳು ನಡೆದವು, ತಿಮಿಶ್ ಮತ್ತೆ ಬೆರಳೆತ್ತಿದ. ನಾನು ಒತ್ತಲಿಲ್ಲ. ತಿಮಿಶ್ ಕತ್ತು ತಿರುಗಿಸಿ ನೋಡಿದ. ಎತ್ತಿದ ಬೆರಳನ್ನು ಮೆಲ್ಲಗೆ ಇಳಿಸಿದ.

ನಮ್ಮವರು ಬಂದಾಗ ಮೇಲಿನ ತರಗತಿಯಲ್ಲಿ ನಡೆದದ್ದು ಕಾದಾಟವಲ್ಲ, ಕಸಾಯಿಖಾನೆ. ಹಲಗೆಗಳ ಸಂದಿನಿಂದ ನಮ್ಮ ಮೇಲೆ ರಕ್ತ ಸೋರಿತು. ಉರಿಯುವ ಮನುಷ್ಯನೊಬ್ಬ ಮೆಟ್ಟಿಲ ಮೇಲಿಂದ ಉರುಳಿ ಬಂದು ನನ್ನ ಕಾಲ ಬಳಿ ಬಿದ್ದು "ಅಮ್ಮಾ" ಎಂದ. ನಮ್ಮ ಭಾಷೆಯಲ್ಲೂ ಅದು ಅಮ್ಮನೇ. ನನ್ನ ಹತ್ತಿರ ಕೈಯೂ ಇರಲಿಲ್ಲ, ನೀರೂ ಇರಲಿಲ್ಲ. ಅವನು ಉರಿದು ಮುಗಿಯುವವರೆಗೆ ನೋಡಿದೆ. ಈಗಲೂ ಮಾಂಸ ಹುರಿಯುವ ಮನೆಗೆ ನಾನು ಹೋಗುವುದಿಲ್ಲ.

ಸೆವೆರಿನ್‌ನನ್ನು ಅವನ ಊರಿನಲ್ಲಿ ಮಣ್ಣು ಮಾಡಿದರು. ಆಸ್ಪತ್ರೆಯಿಂದ ಜಗಳವಾಡಿ ಹೋಗಿದ್ದೆ. ಅವನ ಹೆಂಡತಿ ಯುಲಿಯಾನಾ ನನ್ನನ್ನು ಜೇನುಪೆಟ್ಟಿಗೆಗಳ ನಡುವೆ ಕೂರಿಸಿಕೊಂಡು "ಸುಳ್ಳು ಹೇಳ್ಬೇಡ. ತುಂಬಾ ಕಿರುಚಿದ್ನಾ?" ಎಂದು ಕೇಳಿದಳು. "ಇಲ್ಲಕ್ಕಾ, ಓದ್ತಿದ್ದ. ನಗ್ತಿದ್ದ" ಎಂದೆ. ನನ್ನ ಕೆನ್ನೆಗೆ ಬಾರಿಸಿದಳು. ನಾನು ನಿನ್ನ ರೀಡರ್ ತೆಗೆದು, ಅವನ ರಕ್ತ ಒಣಗಿದ ಅಂಚನ್ನೂ ಅವನು ನಿಂತ ಪುಟವನ್ನೂ ತೋರಿಸಿದೆ. ಅವಳು ಕೂತಲ್ಲೇ ಆ ಪುಟ ಓದಿದಳು. ಓದುತ್ತಾ ಅವಳಿಗೂ ನಗು ಬಂತು, ಆಮೇಲೆ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ಶವಪೆಟ್ಟಿಗೆ ಮುಚ್ಚುವ ಮೊದಲು ರೀಡರನ್ನು ಅವನ ಕೈಯೊಳಗೆ ಇಟ್ಟಳು. ನಿನ್ನ ವಸ್ತು, ನಿನ್ನನ್ನು ಕೇಳಬೇಕಿತ್ತು. ನೀನು ಎಲ್ಲಿದ್ದೀಯೆಂದು ಯಾರಿಗೂ ಗೊತ್ತಿರಲಿಲ್ಲ.

ಈಗ ಹೇಳು, ಯಾರನ್ನು ಬಿಟ್ಟು ಹೋದೆ ನೀನು? ನೀನು ಕೈ ಎತ್ತದೆ ಇದ್ದಿದ್ದರೆ ಎರಡನೇ ಗ್ರೆನೇಡ್ ಬರುತ್ತಿತ್ತು. ಅಂಗಳದಲ್ಲಿ ಬಾಯಿ ಬಿಟ್ಟಿದ್ದರೂ ಬರುತ್ತಿತ್ತು. ಅವರು ನಿನ್ನ ಬೆರಳುಗಳನ್ನು ಒಂದೊಂದಾಗಿ ಮುರಿದರು ಎಂದು ಅತ್ತೆ ಹೇಳಿದರು. ಅದೇ ಹೊತ್ತಿನಲ್ಲಿ ನಾವು ನಿನ್ನ ಪುಸ್ತಕ ಓದುತ್ತಾ ನಗುತ್ತಿದ್ದೆವೇನೋ ಎಂದು ಯೋಚಿಸಿದರೆ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಆದರೆ ಚಚ್ಚಿಕೊಳ್ಳುವುದಿಲ್ಲ. ನೀನು ಅಷ್ಟು ಹೊಡೆತ ತಿಂದದ್ದು ನಾನು ನನ್ನ ತಲೆ ಒಡೆದುಕೊಳ್ಳಲಿ ಎಂದಲ್ಲ.

ಬರುವ ಭಾನುವಾರ ನಾನು, ತಿಮಿಶ್ ಇಬ್ಬರೂ ರೈಲು ಹತ್ತಿ ಬರುತ್ತಿದ್ದೇವೆ. ನಿಮ್ಮ ಕಟ್ಟಡದ ಲಿಫ್ಟು ಕೆಟ್ಟಿದೆಯಂತೆ. ಜಜ್ಜಿದ ಕಾಲಿನ ಬದಲು ಹಾಕಿದ ಕಬ್ಬಿಣದ ಕಾಲಿನಲ್ಲಿ ಅಷ್ಟು ಮಹಡಿ ಹತ್ತುವುದನ್ನು ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಬೈಯುತ್ತಾ ಬೈಯುತ್ತಾ ಅಭ್ಯಾಸ ಮಾಡುತ್ತಿದ್ದಾನೆ. "ಮಾಮ ಬಾಗಿಲು ತೆಗೀದಿದ್ರೆ?" ಎಂದು ಕೇಳಿದೆ. "ನಾನೇ ಬಡಗಿ. ಬಾಗಿಲು ಎಲ್ಲಿ ಒದ್ದರೆ ಮುರಿಯುತ್ತೆ ಅಂತ ಗೊತ್ತು" ಎಂದ. ಹಾನ್ನಾ ಅತ್ತೆಗೆ ಬೀಟ್ರೂಟಿನ ಸಾರು ಮಾಡಿಡಲು ಹೇಳು, ಮಾಂಸ ಬೇಡ.

ನಿನ್ನ ಮೂಳೆಗಳು ನೆಟ್ಟಗೆ ಕೂಡಲಿ. ನಿದ್ದೆ ನಿನ್ನನ್ನು ಹುಡುಕಿಕೊಂಡು ಬರಲಿ. ನಾವು ಬರುವವರೆಗೆ ಇನ್ನು ಯಾರ ಮೂಗನ್ನೂ ಒಡೆಯಬೇಡ.

ನೀನು ಕೆನ್ನೆಗೆ ಹೊಡೆದು ಉಳಿಸಿದ,
ಉಸ್ತೀನಾ