ಅಮ್ಮನ ಎಡಮಗ್ಗಲು

ಹೊಸಪೇಟೆ,
೩೧-೮-೨೦೨೫

ಪ್ರೀತಿಯ ಹರಿಅಕ್ಕನಿಗೆ, ತಮ್ಮ ಪ್ರಭಂಜನನ ನಮಸ್ಕಾರಗಳು.

ನಿನ್ನ ಮಂಡಿನೋವು ಹೇಗಿದೆ? ದೋಣಿಮಲೈ ಥಂಡಿಗೆ ಬೆಳಗಿನ ಹೊತ್ತು ಕಾಲು ಮಡಚಲು ಬರುವುದಿಲ್ಲ ಎಂದಿದ್ದೆಯಲ್ಲ, ಎಳ್ಳೆಣ್ಣೆ ಹಚ್ಚುತ್ತಿದ್ದೀಯೋ ಇಲ್ಲವೋ? ಇಲ್ಲಿ ನನ್ನ ಹೆಂಡತಿ ಸೊರಗಿ ಅರ್ಧ ಆಗಿದ್ದಾಳೆ, ನನ್ನ ಬಿಪಿ ಮಾತ್ರ ಚೆನ್ನಾಗಿ ಬೆಳೆಯುತ್ತಿದೆ. ಫೋನಿನಲ್ಲಿ ಹೇಳಹೊರಟರೆ ನಾನು ಕೂಗುತ್ತೇನೆ, ನೀನು ಅಳುತ್ತೀಯ, ಅಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಅದಕ್ಕೇ ಇದನ್ನು ಬರೆದು ಭಾವನ ಕೈಗೆ ಕೊಡುತ್ತಿದ್ದೇನೆ.

ಭಾವ ಇವತ್ತೂ ನೀನು ಕಳಿಸಿದ ಡೈಪರ್ ಡಬ್ಬ ಇಳಿಸಿದರು. ಅಕ್ಕ, ಸಾಕು ಮಾಡು. ಅಟ್ಟದ ಮೇಲೆ ಜಾಗವಿಲ್ಲ. ಅದೂ ಎಲ್ಲ ದೊಡ್ಡ ಸೈಜು. ಅಮ್ಮ ಈಗ ಹಿಡಿಯಷ್ಟಾಗಿದ್ದಾಳೆ, ತೊಡೆಯ ಸಂದಿಯಿಂದ ಸೋರಿ ಹಾಸಿಗೆ ತೊಯ್ಯುತ್ತದೆ. ಡೈಪರ್ ಹಾಕಿದರೆ ನಿಶ್ಚಿಂತೆ ಎನ್ನುತ್ತೀಯ. ಒದ್ದೆಯಾದ ಕೂಡಲೇ ಬಿಚ್ಚಬೇಕು, ಒರೆಸಬೇಕು, ಚರ್ಮ ಒಣಗಿದ ಮೇಲೆ ಮುಲಾಮು ಹಚ್ಚಬೇಕು. ಆ ಕೈಗಳನ್ನು ಡಬ್ಬದಲ್ಲಿ ಹಾಕಿ ಕಳಿಸಲಿಕ್ಕೆ ಬರುವುದಿಲ್ಲವಲ್ಲ.

ಅದಿರಲಿ, ನಿಜವಾದ ಜಗಳ ಮಂಚದ್ದು. ಬಚ್ಚಲಲ್ಲಿ ಬಿದ್ದು ಅಮ್ಮನ ಕಾಲುಗಳ ಶಕ್ತಿ ಹೋದಾಗ ನೀನು ಬಂದು, ಕಣ್ಣಿಗೆ ಸದಾ ದೇವರು ಕಾಣಲಿ ಎಂದು ಮಂಚವನ್ನು ದೇವರಮನೆಯ ಬಾಗಿಲ ಎದುರಿಗೆ ಸರಿಸಿ ಹೋದೆ. ಒಳ್ಳೆಯದೇ ಆಯಿತು ಅಂದುಕೊಂಡೆವು. ಈಗ ಅಮ್ಮ ಬಲಮಗ್ಗಲು ಬಿಟ್ಟು ಹೊರಳುವುದಿಲ್ಲ. ಎಡಕ್ಕೆ ಹೊರಳಿಸಿದರೆ "ದೇವರಿಗೆ ಬೆನ್ನು ಮಾಡಿ ಹ್ಯಾಂಗ ಮಲಗಲೋ?" ಎಂದು ಕಣ್ಣೀರು ಹಾಕುತ್ತಾಳೆ. ಮಂಚ ತಿರುಗಿಸೋಣವೆಂದರೆ ತಲೆ ಉತ್ತರಕ್ಕೆ ಬರುತ್ತದೆ, ಅದೂ ಬೇಡ. ಎಡಗಡೆಯ ಗೋಡೆಗೆ ಒಂದು ದೇವರ ಪಟ ತೂಗುಹಾಕಿದೆ; ಪಟ ಬೇರೆ, ಪೂಜೆಯ ಸಾಲಿಗ್ರಾಮ ಬೇರೆಯಂತೆ. ಬುಧವಾರ ಪರಿವರ್ತಿನೀ ಏಕಾದಶಿ, ಮಲಗಿದ ವಿಷ್ಣುವೇ ಆವತ್ತು ಮಗ್ಗಲು ಬದಲಿಸುತ್ತಾನೆ, ನಿನ್ನದೇನಮ್ಮ ಎಂದೆ. "ಅವನೆದುರಿಗೆ ದೇವರಮನಿ ಅದ ಏನು?" ಎಂದಳು. ವಾದದಲ್ಲಿ ಅವಳನ್ನು ಗೆದ್ದವರುಂಟೇ.

ಬಲಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗಿದೆ, ಒತ್ತಿದರೂ ಬೆಳ್ಳಗಾಗುವುದಿಲ್ಲ. ಮನೆಗೆ ಬಂದು ನೋಡಿದ ಡಾಕ್ಟರು, ಎರಡು ತಾಸಿಗೊಮ್ಮೆ ಹೊರಳಿಸದಿದ್ದರೆ ಅದು ಒಡೆದು ಹುಣ್ಣು ಮೂಳೆಯವರೆಗೂ ಇಳಿದೀತು ಎಂದರು. ಗಾಳಿ ಹಾಸಿಗೆ ತಂದೆವು. ಅದಿದ್ದರೂ ಹೊರಳಿಸುವುದು ತಪ್ಪುವುದಿಲ್ಲವಂತೆ. ನನಗೆ ಭಯವಾಗುತ್ತಿದೆ ಅಕ್ಕ. ಸಿಟ್ಟೂ ಬರುತ್ತಿದೆ, ಅಮ್ಮನ ಮೇಲೆ, ನಿನ್ನ ಮೇಲೆ, ಹೇಳಬಾರದು, ದೇವರ ಮೇಲೂ. "ಅಮ್ಮನ್ನ ಹಂಗ ನೋಡ್ಲಿಕ್ಕೆ ನನ್ನಿಂದ ಆಗೂದಿಲ್ಲ" ಎನ್ನುತ್ತೀಯ. ದಿನವೂ ನೋಡುವ ನಾವೇನು ಕಲ್ಲೇ? ಸಂಡೂರಿನ ಮೇಲೆ ಬಸ್ಸು ಹತ್ತಿದರೆ ಹೊಸಪೇಟೆ ಎಷ್ಟು ದೂರ?

ಭಾವ ಚಹಾ ಮುಗಿಸಿ ಎದ್ದರು. ನಿನ್ನ ಮಗಳಿಗೆ ನನ್ನ ಆಶೀರ್ವಾದ ತಿಳಿಸು. ಅಮ್ಮನ ಆಶೀರ್ವಾದ ನಿನಗೆ ಯಾವಾಗಲೂ ಇದ್ದದ್ದೇ.

ನಿನ್ನ ತಮ್ಮ,
ಪ್ರಭಂಜನ

ತಾ.ಕ.: ನಿನ್ನೆ ನೀನು ಫೋನು ಮಾಡಿದಾಗ ಮೊಬೈಲು ಎಡಗಡೆಯ ಕಿಟಕಿಯಲ್ಲಿ ಚಾರ್ಜಿಗಿತ್ತು. ಅಲ್ಲೇ ಸ್ಪೀಕರ್ ಹಾಕಿದೆವು. ನೀನು "ಅಮ್ಮಾ" ಎಂದದ್ದೇ ತಡ, ಅಮ್ಮ ಮಂಚದ ಸರಳು ಹಿಡಿದು ತಾನೇ ಎಡಕ್ಕೆ ಮೈ ಹೊರಳಿಸಿದಳು. ನಾವು ಕಾಲು ಸರಿಸಿ ಬೆನ್ನಿಗೆ ದಿಂಬು ಕೊಟ್ಟೆವು. ನೀನು ಫೋನಿಟ್ಟ ಮೇಲೂ ಬಹಳ ಹೊತ್ತು ಕಿಟಕಿಯನ್ನೇ ನೋಡುತ್ತಿದ್ದಳು, ದೇವರಿಗೆ ಬೆನ್ನಾಗಿದೆ ಎಂಬುದು ನೆನಪೇ ಆಗಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿಟ್ಟಿದ್ದೇನೆ. ಡಬ್ಬ ಬೇಡ, ನೀನು ಬಾ.