ಕಿತ್ತಳೆ ಗುಲಾಬಿಯ ಎರಡು ಕುಂಡಗಳು

ಗುರುವಾರ
ಬೆಳಗಿನ ಪಾಳಿ ಮುಗಿಸಿ ಬಂದ ಮೇಲೆ

ಬಣ್ಣದ ಅಂಗಡಿಯ ಯಜಮಾನರಿಗೆ, ಕಾಗದಪತ್ರಗಳ ಪ್ರಕಾರ ಇನ್ನೂ ನಿಮ್ಮ ಹೆಂಡತಿಯಾಗಿರುವವಳ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಅಂಗಡಿಯ ಲೆಟರ್‌ಹೆಡ್ ಮೇಲೆ ಬರೆದಿದ್ದೀರಿ, ಕೆಳಗೆ ಮೊಹರನ್ನೂ ಒತ್ತಿದ್ದೀರಿ. ಹೆಂಡತಿಗೆ ಬರೆಯುವ ಪತ್ರಕ್ಕೆ ಮೊಹರು ಹಾಕುವ ಗಂಡಸು ಲೋಕದಲ್ಲಿ ಇನ್ನೊಬ್ಬನಿದ್ದರೆ ಅವನನ್ನೂ ಒಮ್ಮೆ ನೋಡಬೇಕೆಂಬ ಆಸೆ ನನಗಿದೆ. ಮೇಲುಗಡೆ ದಪ್ಪ ಅಕ್ಷರದಲ್ಲಿ ‘ನಮ್ಮ ಬಣ್ಣ ಎಂದೂ ಮಾಸದು’ ಎಂದಿದೆ. ಅದರ ಕೆಳಗೇ ನಿಮ್ಮ ಗುಲಾಬಿಯ ಬಣ್ಣ ಮಾಸಿತೆಂದು ಎರಡು ಪುಟ ಗೋಳಾಡಿದ್ದೀರಿ. ನಮ್ಮ ಲಾಂಡ್ರಿಯಲ್ಲಿ ಊಟದ ಬಿಡುವಿನಲ್ಲಿ ಇಸ್ತ್ರಿ ಮಾಡುವ ಅಕ್ಕನಿಗೆ ಓದಿ ಹೇಳಿದೆ. ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಹತ್ತಿತು. ನೀವು ಸದಾ ಹಿಡಿದು ತಿರುಗುವ ಬಣ್ಣಗಳ ಪಟ್ಟಿಯ ನೆನಪಿಗೆ ನಮ್ಮಲ್ಲಿ ನಿಮಗೆ ‘ಶೇಡ್ ಕಾರ್ಡ್’ ಎಂದು ಹೆಸರಿದೆ, ಗೊತ್ತಿರಲಿ.

ನಿಮ್ಮ ಆರೋಪ ಇಷ್ಟು. ಎರಡು ವರ್ಷದ ಹಿಂದೆ ನೀವು ಈ ಮನೆ ಬಿಟ್ಟು ಸಮುದ್ರದ ಎದುರಿನ ಫ್ಲ್ಯಾಟಿಗೆ ಹೋಗುವಾಗ ಎರಡು ಕುಂಡಗಳಲ್ಲಿ ಒಂದನ್ನು ಒಯ್ದಿರಿ. ನಾನು ಕಳ್ಳಿ, ಕಿತ್ತಳೆ ಹೂವಿನ ಅಸಲಿ ಗಿಡವನ್ನು ನನ್ನಲ್ಲೇ ಇಟ್ಟುಕೊಂಡು ನಿಮಗೆ ಯಾವುದೋ ಪಿಂಕ್ ಹೂವಿನ ಗಿಡ ದಾಟಿಸಿದೆ. ಈಗ ನಿಮ್ಮ ಕಟ್ಟಡದವರು ಸಣ್ಣ ತೋಟಗಳ ಪ್ರದರ್ಶನ ಇಟ್ಟಿದ್ದಾರೆ, ಕಿತ್ತಳೆ ಗುಲಾಬಿ ತೋರಿಸುತ್ತೇನೆಂದು ನೀವು ಕಾರ್ಯದರ್ಶಿಯ ಮುಂದೆ ಕೊಚ್ಚಿಕೊಂಡಿದ್ದೀರಿ, ಆದ್ದರಿಂದ ಭಾನುವಾರ ವ್ಯಾನು ತಂದು ಅಸಲಿ ಗಿಡ ಒಯ್ಯುತ್ತೀರಿ. ಒಯ್ಯುತ್ತೀರಂತೆ! ಕೇಳುವುದೂ ಇಲ್ಲ.

ಸ್ವಲ್ಪ ನೆನಪು ಮಾಡಿಕೊಳ್ಳಿ. ಆ ಎರಡೂ ಗಿಡ ನಿಮ್ಮ ಅಮ್ಮ ಒಂದೇ ಗಿಡದ ಕಡ್ಡಿಗಳಿಂದ ಮಾಡಿದ್ದು. ಮೊಣಕಾಲೆತ್ತರ ದಾಟದ, ಮೈತುಂಬ ಗೊಂಚಲು ಬಿಡುವ ಆ ಗಿಡಕ್ಕೆ ಅತ್ತೆಯೇ ‘ಗಿಡ್ಡಿ’ ಎಂದು ಹೆಸರಿಟ್ಟಿದ್ದು. ಹೋಗುವ ದಿನ ನೀವು ಎರಡರ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ಗೇಣು ಹಾಕಿ ಅಳೆದು, ದೊಡ್ಡದನ್ನೇ ಆರಿಸಿದಿರಿ. ಅಷ್ಟಕ್ಕೂ ನಂಬಿಕೆ ಸಾಲದೆ, ನಾನು ಬದಲಾಯಿಸಿಬಿಟ್ಟೇನೆಂದು ಕುಂಡದ ತಳಕ್ಕೆ ನೀಲಿ ಬಣ್ಣದ ಚುಕ್ಕೆ ಇಟ್ಟಿರಿ. ಹದಿನೆಂಟು ವರ್ಷ ಒಂದೇ ತಟ್ಟೆಯ ಅನ್ನ ತಿಂದವಳ ಮೇಲೆ ನಿಮಗಿದ್ದ ನಂಬಿಕೆ ಅದು. ಹೋಗಿ ಕುಂಡ ಮಗುಚಿ ನೋಡಿ. ಅಂಗಡಿಯ ಬಣ್ಣ ನಿಜವಾಗಿ ಮಾಸದಿದ್ದರೆ ಚುಕ್ಕೆ ಅಲ್ಲೇ ಇರಬೇಕು.

ಗಿಡ ಅದೇ, ಸ್ವಾಮೀ. ಹೂವೂ ಅದೇ. ಗಿಡ್ಡಿ ಅರಳುವುದು ಕಿತ್ತಳೆಯಾಗಿ. ಬಿಸಿಲು ಚುರುಕಾದಂತೆ ಬಣ್ಣ ಬಿಡುತ್ತಾ ಹೋಗಿ ಪಿಂಕ್ ಆಗುತ್ತದೆ. ಇದು ಯಾರ ಮೋಸವೂ ಅಲ್ಲ. ಬಣ್ಣದ ಬಟ್ಟೆಯನ್ನು ನೆರಳಲ್ಲಿ ಒಣಗಿಸಬೇಕೆಂದು ನಮ್ಮ ಲಾಂಡ್ರಿಗೆ ನಿನ್ನೆ ಬಂದು ಸೇರಿದವಳಿಗೂ ಗೊತ್ತು. ನೀವು ಡಬ್ಬಗಟ್ಟಲೆ ಬಣ್ಣ ಮಾರುವವರು.

ಇಲ್ಲಿ ಸಂಜೆಯವರೆಗೂ ಕಿತ್ತಳೆಯಾಗಿಯೇ ಇರುತ್ತಿತ್ತಲ್ಲ ಎಂದು ಕೇಳುತ್ತೀರಿ. ಇರುತ್ತಿತ್ತು. ಐದು ಗಂಟೆಗೆ ಯಾರಾದರೂ ಚಹಾಕ್ಕೆ ಬಂದರೆ ನೀವು ಶೇಡ್ ಕಾರ್ಡನ್ನು ದಳದ ಪಕ್ಕ ಹಿಡಿದು ನಂಬರ್ ಹೇಳುತ್ತಿದ್ದಿರಿ, ಅವರು ತಲೆದೂಗುತ್ತಿದ್ದರು. ಅದೇನು ನಿಮ್ಮ ಮುಖ ನೋಡಿ ಉಳಿದ ಬಣ್ಣವೇ? ಎರಡು ಬೆಡ್‌ಶೀಟ್ ಹಾಸಿದರೆ ಮುಗಿದುಹೋಗುವ ಈ ಹಿತ್ತಲಲ್ಲಿ, ಸಮುದ್ರದ ಕಡೆಯ ಮೋಟುಗೋಡೆಯ ಮೇಲೆ ಬಿದಿರು ನಿಲ್ಲಿಸಿ, ಲಾಂಡ್ರಿಯಲ್ಲಿ ಎಸೆಯಲು ಇಟ್ಟಿದ್ದ ಹರಕು ಶೀಟನ್ನು ನಾನೂ ಅತ್ತೆಯೂ ಕಟ್ಟಿದ್ದೆವು. ಉಪ್ಪುಗಾಳಿಯನ್ನೂ ಮಧ್ಯಾಹ್ನದ ಬಿಸಿಲನ್ನೂ ಅದು ತಡೆಯುತ್ತಿತ್ತು. “ಮನೆಯೋ ಲಾಂಡ್ರಿಯೋ? ಬಂದವರ ಮುಂದೆ ಮಾನ ಹೋಗುತ್ತೆ” ಎಂದು ಅದನ್ನು ಎರಡು ಸಲ ಕಿತ್ತೆಸೆದವರು ನೀವೇ. ಎರಡು ಸಲವೂ ನೀವು ಅಂಗಡಿಗೆ ಹೋದ ಮೇಲೆ ಮತ್ತೆ ಕಟ್ಟಿದೆವು.

ಈಗ ಗಿಡ್ಡಿಯನ್ನು ಎಲ್ಲಿಟ್ಟಿದ್ದೀರಿ? ಪಡುವಣ ಬಾಲ್ಕನಿಯಲ್ಲಿ, ಗಾಜಿನ ಕಟಕಟೆಗೆ ಒತ್ತಿಸಿ, ಹಿಂದಿನ ಗೋಡೆಗೆ ನಿಮ್ಮದೇ ಅಂಗಡಿಯ ಹೊಳೆಯುವ ಬಿಳಿ ಬಳಿಸಿ. ಮುಂದಿನಿಂದ ಬಿಸಿಲು, ಹಿಂದಿನಿಂದ ಅದರ ಪ್ರತಿಫಲನ. ಗಿಡವನ್ನು ಹಂಚಿನ ಮೇಲೆ ಇಟ್ಟ ಹಾಗಾಯಿತು. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಏಳುವಾಗ ನಿಮಗೆ ಹತ್ತು ಗಂಟೆ, ಎದ್ದವರೇ ಅಂಗಡಿಗೆ, ಬಾಲ್ಕನಿಯ ಪರದೆ ಸರಿಸುವುದು ಸಂಜೆ. ಅಷ್ಟರಲ್ಲಿ ಹೂವಿನ ಕಥೆ ಮುಗಿದಿರುತ್ತದೆ. ಇಷ್ಟು ವರ್ಷ ಅದರ ಜೊತೆ ಬಾಳಿಯೂ ಅದು ಅರಳುವುದನ್ನು ಒಂದು ದಿನವೂ ನೀವು ನೋಡಿಲ್ಲ.

ಚಹಾ ಬಂತು. ಕುಡಿದು ಮುಂದುವರಿಸುತ್ತೇನೆ.

ಇನ್ನು ಎಲೆಗಳ ವಿಷಯ. ಅಂಚು ಕಂದುಬಣ್ಣಕ್ಕೆ ತಿರುಗಿ ಸುರುಟಿಕೊಳ್ಳುತ್ತಿವೆ ಎಂದು ಬರೆದಿದ್ದೀರಿ. ಅದರ ಕಾರಣವನ್ನೂ ನೀವೇ ಬರೆದಿದ್ದೀರಿ, ನಿಮಗೆ ತಿಳಿದಿಲ್ಲ ಅಷ್ಟೆ. ಎರಡು ಪುಟದಲ್ಲಿ ನಿಮ್ಮ ಅಮ್ಮ ಬರುವುದು ಒಂದೇ ಸಾಲಿನಲ್ಲಿ: ‘ಅಮ್ಮ ತಂಗಿಯ ಮನೆಗೆ ಹೋಗಿರುವುದರಿಂದ ಗಿಡಕ್ಕೆ ನೀರು ಹಾಕುವವರಿಲ್ಲ.’ ಆ ಸಾಲನ್ನು ನಾನು ಇಸ್ತ್ರಿ ಅಕ್ಕನಿಗೆ ಓದಲಿಲ್ಲ. ಓದಲು ನನಗೇ ನಾಚಿಕೆಯಾಯಿತು. ಮಂಡಿ ನೋವಿನ ಆ ಮುದುಕಿ ದಿನಾ ಬೆಳಗಾಗುವ ಮೊದಲು ಎದ್ದು, ರಾತ್ರಿಯ ಗಾಳಿ ತಂದ ಉಪ್ಪನ್ನು ಸಿಹಿನೀರಲ್ಲಿ ಎಲೆ ಎಲೆಯಾಗಿ ತೊಳೆಯುತ್ತಿದ್ದರು. ನೀವು ಅದನ್ನು ನೀರು ಹಾಕುವುದು ಎಂದುಕೊಂಡಿರಿ. ಈಗ ತೊಳೆಯುವ ಕೈ ಇಲ್ಲ, ಎಲೆ ಸುಡುತ್ತಿದೆ. ನಿಮಗೆ ಚಿಂತೆಯಾದದ್ದು ಎಲೆಯದು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನೀವು ಹೋದಾಗ ನನಗೆ ಅಳು ಬರಲಿಲ್ಲ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಆಮೇಲೆ ಬಂದು ಅತ್ತೆಯನ್ನು ಸೋಫಾ, ಫ್ರಿಜ್‌ಗಳ ಜೊತೆ ಲೆಕ್ಕ ಹಾಕಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದಿರಲ್ಲ, ಆಗ ಅಳು ಬಂತು. ಅವರು ಇಲ್ಲೇ ಇರಲಿ ಎಂದು ಎರಡು ಸಲ ನಿಮ್ಮ ಅಂಗಡಿಯ ಬಾಗಿಲಿಗೆ ಬಂದು ಕೇಳಿದೆ. ನನಗೆ ನಿಮ್ಮಿಂದ ಬೇಕಾಗಿದ್ದದ್ದು ಅದೊಂದೇ. ನೀವು ಗಿರಾಕಿಗಳ ಎದುರಿಗೇ, “ಮಗ ಗಟ್ಟಿಮುಟ್ಟಾಗಿ ಇರುವಾಗ ಅಮ್ಮ ಸೊಸೆ ಮನೇಲಿದ್ರೆ ಜನ ಏನಂತಾರೆ?” ಎಂದಿರಿ. ಜನ ಏನೂ ಅನ್ನುತ್ತಿರಲಿಲ್ಲ. ಜನಕ್ಕೆ ಅವರವರ ಕೆಲಸವಿದೆ. ಸಮುದ್ರ ಕಾಣುವ ಮನೆ, ಪಕ್ಕದಲ್ಲಿ ವಯಸ್ಸಾದ ತಾಯಿ, ಮುಂದೆ ಹೂವಿನ ಕುಂಡ: ಬಂದವರಿಗೆ ತೋರಿಸಲು ನಿಮಗೆ ಮೂರೂ ಬೇಕಿತ್ತು.

ಸಮುದ್ರವೊಂದೇ ನಿಮ್ಮ ಆರೈಕೆಯಲ್ಲಿ ಕೆಡದೆ ಉಳಿದಿರುವುದು. ಅದಕ್ಕೆ ನಿಮ್ಮ ಅಗತ್ಯವಿಲ್ಲ, ಹಾಗಾಗಿ.

ಆದ್ದರಿಂದ ನನ್ನ ಕುಂಡ ಈ ಹಿತ್ತಲು ಬಿಟ್ಟು ಕದಲುವುದಿಲ್ಲ. ಕಾರ್ಯದರ್ಶಿಗೆ ಏನು ಹೇಳಬೇಕೋ ನೀವೇ ಯೋಚಿಸಿ. ಬೇಕಾದರೆ ಪಿಂಕ್ ಗುಲಾಬಿ ಎಂದೇ ಇಡಿ, ಶೇಡ್ ಕಾರ್ಡಿನಲ್ಲಿ ಅದಕ್ಕೂ ನಂಬರ್ ಇದ್ದೇ ಇರುತ್ತದೆ. ಇಷ್ಟು ಮೂದಲಿಸಿದ ಮೇಲೂ ಗಿಡ ಸಾಯಲಿ ಎನ್ನಲು ನನಗೆ ಮನಸ್ಸಿಲ್ಲ. ಅದು ನಿಮ್ಮ ಮೇಲಿನ ಕನಿಕರವಲ್ಲ. ಕುಂಡವನ್ನು ಅಡುಗೆಮನೆಯ ಮೂಡಣ ಕಿಟಕಿಯ ಹೊರಗೆ ಇಡಿ. ಸುಟ್ಟ ತುದಿಗಳನ್ನು ಕತ್ತರಿಸಿ. ಬೆಳಿಗ್ಗೆ ಸೂರ್ಯ ಏರುವ ಮೊದಲು ಎಲೆ ತೊಳೆಯಿರಿ, ಎಲೆಯ ಕೆಳಗಡೆಯನ್ನೂ. ಅಲಾರಂ ಎಂಬ ವಸ್ತು ನಿಮ್ಮ ಫೋನಿನಲ್ಲೂ ಇರುತ್ತದೆ.

ಇಂತಿ,
ನೀಲಿ ಚುಕ್ಕೆಯಿಲ್ಲದ ಕುಂಡದ ಒಡತಿ

ಮತ್ತೊಂದು ಮಾತು: ಭಾನುವಾರ ವ್ಯಾನಿಗೆ ಆಗಲೇ ಹೇಳಿದ್ದೀರಂತೆ. ರದ್ದು ಮಾಡಬೇಡಿ, ಬನ್ನಿ. ಬರುವಾಗ ಅತ್ತೆಯ ಮಂಚ, ಕಪ್ಪು ಟ್ರಂಕು, ಮಂಡಿಗೆ ಹಚ್ಚುವ ಎಣ್ಣೆ, ಓದುವ ಕನ್ನಡಕ ಎಲ್ಲವನ್ನೂ ಹೇರಿಕೊಂಡು ಬನ್ನಿ. ಅವರು ನಿಮ್ಮ ತಂಗಿಯ ಮನೆಗೆ ಹೋಗಲೇ ಇಲ್ಲ. ನೀವು ಲಿಫ್ಟಿನ ಬಾಗಿಲವರೆಗೆ ಮಾತ್ರ ಬಂದು, ಟ್ಯಾಕ್ಸಿಯವನಿಗೆ ವಿಳಾಸ ಹೇಳಲು ಅವರಿಗೇ ಬಿಟ್ಟಿರಂತೆ. ಅವರು ಈ ವಿಳಾಸ ಹೇಳಿದರು. ಹೋದ ವಾರದಿಂದ ಇಲ್ಲೇ ಇದ್ದಾರೆ. ಅವರ ಫೋನು ಮೇಜಿನ ಮೇಲೆ ಚಾರ್ಜ್ ಆಗಿಯೇ ಇದೆ, ಮೊದಲೆರಡು ದಿನ ಅದನ್ನು ಆಗಾಗ ಎತ್ತಿ ನೋಡುತ್ತಿದ್ದರು, ಈಗ ನೋಡುವುದಿಲ್ಲ. ಚಹಾ ಮಾಡಿ ತಂದವರೂ ಅವರೇ. ಈ ಪತ್ರವನ್ನು ಪೂರ್ತಿ ಓದಿಸಿಕೊಂಡರು, ಒಂದು ಅಕ್ಷರವನ್ನೂ ಹೊಡೆದುಹಾಕಲು ಹೇಳಲಿಲ್ಲ. ಬೆಳಿಗ್ಗೆ ಆರಕ್ಕೇ ಬಂದರೆ ಹೂವಿನ ಬಣ್ಣವನ್ನೂ ನೋಡಿಕೊಂಡು ಹೋಗಬಹುದು ಎಂದು ಬರೆಯಲೇ ಎಂದು ಕೇಳಿದೆ. “ಬರಿ, ಬರಿ. ಅವನೆಲ್ಲಿ ಏಳ್ತಾನೆ” ಎಂದರು.