ಮೂರನೆಯ ಪೆಟ್ಟಿಗೆ

೧೪ ಅಕ್ಟೋಬರ್ ೧೯೬೦, ಶುಕ್ರವಾರ. ಕುಂಬೊ.

ಇವತ್ತು ನನ್ನ ಜನರಿಗೇ ಸುಳ್ಳು ಹೇಳಿ ಬಂದೆ.

ಬ್ರಿಟಿಷರು ಹೋದ ಮೇಲೆ ನಮ್ಮ ನಾಡು ನೈಜೀರಿಯಾಕ್ಕೋ, ಪಕ್ಕದ ಫ್ರೆಂಚ್ ಕ್ಯಾಮರೂನಿಗೋ ಸೇರುವುದು ಎಂಬ ವೋಟಿನ ವಿಷಯ ವಿವರಿಸಲು ಬ್ರಿಟಿಷ್ ಅಧಿಕಾರಿ ಹ್ಯಾಡ್ಲಿ ಸಾಹೇಬರು ಹಳ್ಳಿಗೆ ಹೋಗಿದ್ದರು. ದುಭಾಷಿ ನಾನು. ದೇಶಕ್ಕೊಂದರಂತೆ ಎರಡು ವೋಟಿನ ಪೆಟ್ಟಿಗೆ ತೋರಿಸಿದ್ದೇ ಕಿಲಾ ಅಜ್ಜಿ ಎದ್ದು ನಿಂತಳು.

"ನಮ್ಮ ಪಾಡಿಗೆ ನಾವಿರ್ತೀವಿ ಅನ್ನೋರಿಗೆ ಮೂರನೇ ಪೆಟ್ಟಿಗೆ ಎಲ್ಲಪ್ಪಾ?"

ಸಾಹೇಬರು ನನ್ನತ್ತ ಬಾಗಿ, "ಅದೆಲ್ಲ ಮೇಲಿನವರು ತೀರ್ಮಾನಿಸಿ ಮುಗಿಸಿದ ಮಾತು. ಇಲ್ಲ ಅಂತ ಹೇಳಿಬಿಡು" ಅಂದರು.

ಅಜ್ಜಿಯ ಮುಖ ನೋಡಿ ಆ 'ಇಲ್ಲ' ಬಾಯಿಂದ ಹೊರಡಲಿಲ್ಲ. "ಮೇಲಿನೋರನ್ನ ಕೇಳ್ತಾರಂತೆ" ಅಂದುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು.

"ಯಾಕೆ ಚಪ್ಪಾಳೆ?" ಎಂದರು ಸಾಹೇಬರು.

"ಅರ್ಥ ಆಯ್ತಂತೆ, ಸರ್."

"ಭೇಷ್!" ಎಂದು ಬೆನ್ನು ತಟ್ಟಿದರು.

ಆಗ ಅದು ಕನಿಕರ ಅನ್ನಿಸಿತ್ತು. ಈಗ ನಾಚಿಕೆಯಾಗುತ್ತಿದೆ. ನಿಜ ಹೇಳಲು ಅಂಜಿದೆ, ಅಷ್ಟೇ.

ಹೊರಡುವಾಗ ಅಜ್ಜಿ ನನ್ನ ಅಂಗೈಯಲ್ಲಿ, ನಮ್ಮಲ್ಲಿ ಗೌರವಕ್ಕೆ ಕೊಡುವ ಕೋಲಾ ಬೀಜವಿಟ್ಟಳು. "ನಮ್ಮ ಹುಡುಗ ಪಕ್ಕದಲ್ಲಿರೋದಕ್ಕೆ ನಮ್ಮ ಮಾತು ಅವರ ಕಿವಿಗೆ ಬಿತ್ತು. ಉತ್ತರ ಬಂದ ದಿನ ಹೇಳಿ ಕಳ್ಸು ಮಗಾ, ಕಾಲು ನೋವಾದ್ರೂ ನಡ್ಕೊಂಡ್ ಬರ್ತೀನಿ."

ಸಾಹೇಬರು ಸ್ವಲ್ಪ ದಿನಕ್ಕೆ ಹಡಗು ಹತ್ತುತ್ತಾರೆ. ನಾನು ಇಲ್ಲೇ ಇರುವವನು. ಅವಳು ಬಂದು ಬಾಗಿಲಲ್ಲಿ ನಿಂತರೆ ಯಾವ ಬಾಯಿಂದ...